ಐನೂರು ಡಿಗ್ರಿ

೩ ಅಕ್ಟೋಬರ್ ೨೦೨೫, ಶುಕ್ರವಾರ

ಗುಳ್ಳೆ ಬಂದವು.

ಇಷ್ಟು ಬರೆದು, ಪೆನ್ನು ಇಟ್ಟು, ಚಹಾ ಕುಡಿದು ಬಂದೆ.

ಐದು ವರ್ಷ ದಾಟಿತು, ನನ್ನ ಕೆಲಸ ಒಂದೇ. ಗಾಜಿನ ಮೇಲೆ ತುಕ್ಕಿನ ತೆಳು ಪದರ ಸಿಂಪಡಿಸುವುದು, ಭಟ್ಟಿಯಲ್ಲಿ ಸುಡುವುದು, ನೀರಿನಲ್ಲಿ ಇಳಿಸಿ ಬಿಸಿಲಿನಂಥ ದೀಪ ಬಿಡುವುದು, ಸ್ವಲ್ಪ ವಿದ್ಯುತ್ತಿನ ನೆರವು ಕೊಟ್ಟು ನೀರು ಒಡೆಯುತ್ತದೆಯೇ ಎಂದು ಕಾಯುವುದು. ಒಡೆದರೆ ಒಂದು ಕಡೆ ಆಮ್ಲಜನಕ, ಇನ್ನೊಂದು ಕಡೆ ಹೈಡ್ರೋಜನ್. ಇಷ್ಟು ವರ್ಷ ಒಡೆದದ್ದು ನನ್ನ ತಲೆ ಮಾತ್ರ. ಇವತ್ತು ದೀಪ ಹಾಕಿದ ಕೂಡಲೇ ಪರದೆಯಲ್ಲಿ ವಿದ್ಯುತ್ತಿನ ಗೆರೆ ಮೇಲಕ್ಕೆ ಹಾರಿತು. ದೀಪ ಆರಿಸಿದೆ, ಕೆಳಗೆ ಬಂತು. ಮತ್ತೆ ಹಾಕಿದೆ, ಮತ್ತೆ ಹಾರಿತು. ಗಾಜಿನ ಎದುರಿಗಿದ್ದ ಪ್ಲಾಟಿನಂ ತಂತಿಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು.

ಗಾಜು ಮಾತ್ರ ಹಿಡಿಕೆಯಲ್ಲಿ ಸರಿಯಾಗಿ ಕೂರಲಿಲ್ಲ, ನೀರು ಸೋರಿತು. ರಬ್ಬರ್ ಉಂಗುರ ಬದಲಿಸಿ ಬಿಗಿ ಮಾಡಿದೆ.

ಧರ್ಮರಾಜ ಸರ್ ಓಡಿ ಬಂದರು. ನನ್ನ ಗೈಡ್, ಎಂದೂ ಓಡುವ ಮನುಷ್ಯ ಅಲ್ಲ. “ಎಷ್ಟಕ್ಕ ಸುಟ್ಟಿದ್ದೆವಾ?” ಎಂದರು. ಐನೂರು ಡಿಗ್ರಿ ಎಂದೆ. ಕುರ್ಚಿ ಎಳೆದುಕೊಂಡು ಕೂತರು. ಜಗತ್ತೆಲ್ಲ ಇಂಥ ಫಿಲ್ಮನ್ನು ಏಳುನೂರು, ಎಂಟುನೂರು ಡಿಗ್ರಿಗೆ ಸುಡುತ್ತದೆ, ಅಷ್ಟು ಬಿಸಿಗೆ ಗಾಜು ಕೆಡುತ್ತದೆ. ಐನೂರಕ್ಕೇ ಆದರೆ ಅದು ಸುದ್ದಿ.

ಸೋಲಾಪುರದ ಲ್ಯಾಬಿನಿಂದ ಅಕ್ಕಲಕೋಟದ ಮನೆಗೆ ಬಂದಾಗ ಅತ್ತೆ ಪಾರ್ವತಿಬಾಯಿ ದಿನದಂತೆಯೇ ಕೇಳಿದರು, “ಗುಳ್ಳಿ ಬಂತೇನವಾ?” ಬಂದ್ವರಿ ಅಂದೆ. ದೇವರಿಗೆ ಸಕ್ಕರೆ ಇಟ್ಟರು. ನಿಲೇಶ ಪಾತ್ರೆ ಮಾರುವ ಭಾಂಡೆ ಅಂಗಡಿ ಮುಚ್ಚಿ ಬಂದು, “ನಮ್ಮ ಅಂಗಡ್ಯಾಗ ಜಂಗ ಹತ್ತಿದ್ರ ಗಿರಾಕಿ ವಾಪಸ್ ತರ್ತಾರ, ಇಕಿಗೆ ಅದಕ್ಕ ಪಿಎಚ್‌ಡಿ ಕೊಡ್ತಾರ” ಎಂದು ನಕ್ಕರು. ತುಕ್ಕಿನ ಬಗ್ಗೆ ಗಂಡನ ಈ ಹಾಸ್ಯ ಹಳೆಯದು, ಇವತ್ತು ನನಗೂ ನಗು ಬಂತು.

೬ ಅಕ್ಟೋಬರ್, ಸೋಮವಾರ

ಭಟ್ಟಿಯ ಮೇಲೆ ಖಂಡೇನವಮಿಯ ಆಯುಧಪೂಜೆಯ ಚೆಂಡು ಹೂವಿನ ಹಾರ ಇನ್ನೂ ಹಾಗೇ ಇತ್ತು, ಒಣಗಿ ಕಪ್ಪಾಗಿ. ಸುತ್ತ ಅರಿಶಿನದ ಪುಡಿ. ಇದು ಬೋರಾಮಣಿಯ ಆ ಹುಡುಗಿಯ ಕೆಲಸ. ಜೂನ್‌ನಲ್ಲಿ ಲ್ಯಾಬಿಗೆ ಸೇರಿದ್ದಾಳೆ, ರೂಪಾಲಿ ಅಂತ. ಮನೆಯಲ್ಲಿ ಕುರಿ ಸಾಕುತ್ತಾರೆ. ಅವರ ದೇವರು ಬೀರೋಬಾನ ಭಂಡಾರದ, ಅಂದರೆ ಪೂಜೆಯ ಅರಿಶಿನದ, ಪುಟ್ಟ ಚೀಲ ಸದಾ ಪರ್ಸಿನಲ್ಲಿ. ಪೂಜೆಯ ದಿನ ಒಂದು ಯಂತ್ರವನ್ನೂ ಬಿಡದೆ ಹಚ್ಚಿದ್ದಾಳೆ.

ಹಾರ ಕಿತ್ತು ಕಸದ ಡಬ್ಬಿಗೆ ಹಾಕಿದೆ. ಭಟ್ಟಿಯ ಹಿಂದೆ ಬಿಸಿ ಅಳೆಯುವ ತಂತಿಯೂ ಜೋತು ಬಿದ್ದಿತ್ತು. ಈ ಲ್ಯಾಬಿನಲ್ಲಿ ಯಾವ ವಸ್ತುವೂ ತನ್ನ ಜಾಗದಲ್ಲಿ ಇರುವುದಿಲ್ಲ. ಒಳಗೆ ನೂಕಿ ತಿರುಪು ಬಿಗಿ ಮಾಡಿದೆ.

“ಅಕ್ಕಾ, ದೇವರ ಹಾರ ಕಸದಾಗ ಒಗಿಬ್ಯಾಡ್ರಿ, ನಾ ಸಂಜಿಮುಂದ ನೀರಾಗ ಬಿಡ್ತೀನಿ” ಎಂದಳು.

“ಇದು ಲ್ಯಾಬ್, ಗುಡಿ ಅಲ್ಲ” ಅಂದೆ. ಅವಳು ಡಬ್ಬಿಯಿಂದ ಹಾರ ತೆಗೆದು ಪೇಪರಿನಲ್ಲಿ ಸುತ್ತಿಕೊಂಡು ಹೋದಳು. ಹೇಳಿದ್ದು ಸರಿಯೇ ಇದೆ, ಹೇಳುವ ರೀತಿ ಇನ್ನೊಂದಿರಬಹುದಿತ್ತೋ ಏನೋ. ಯೋಚಿಸಲು ಪುರುಸೊತ್ತಿಲ್ಲ.

೧೫ ಅಕ್ಟೋಬರ್, ಬುಧವಾರ

ಅದೇ ದ್ರಾವಣ, ಅದೇ ಗಾಜು, ಅದೇ ಐನೂರು. ಸತ್ತ ಫಿಲ್ಮು. ದೀಪ ಹಾಕಿದರೂ ಅಷ್ಟೇ, ಆರಿಸಿದರೂ ಅಷ್ಟೇ.

೨೯ ಅಕ್ಟೋಬರ್, ಬುಧವಾರ

ದೀಪಾವಳಿ ಬಂತು, ಹೋಯಿತು. ಕರಂಜಿ ಕರಿಯುವಾಗಲೂ ಎಣ್ಣೆಯಲ್ಲಿ ಗುಳ್ಳೆ ನೋಡುತ್ತ ನಿಂತಿದ್ದೆ. ಸುಟ್ಟು ಹೋದವು.

ಫಿಲ್ಮು ಇವತ್ತೂ ಸತ್ತದ್ದೇ.

೮ ನವೆಂಬರ್, ಶನಿವಾರ

ಸರ್ ಪೇಪರ್ ಕಳಿಸಿಬಿಟ್ಟರು. ಹೆಸರಿನಲ್ಲೇ ‘ಕಡಿಮೆ ತಾಪಮಾನ’ ಎಂದು ಇಟ್ಟಿದ್ದಾರೆ. ಇನ್ನೊಂದು ಸಲ ಬರಲಿ, ಆಮೇಲೆ ಕಳಿಸೋಣ ಅಂದೆ.

“ಒಂದ ಸಲ ಬಂದದ್ದು ಇನ್ನೊಂದ ಸಲ ಬರ್ತದ, ಮನೀಷಾ. ಅವರು ಓದಿ ವಾಪಸ್ ಬರೂದ್ರಾಗ ನಿನ್ನ ಸ್ಯಾಂಪಲ್ ತಯಾರ ಇರ್ತಾವ. ಕಾಳಜಿ ಮಾಡಬ್ಯಾಡ.”

ಕಾಳಜಿ ಮಾಡದೆ ಏನು ಮಾಡಲಿ. ಈ ಪೇಪರ್ ಸ್ವೀಕಾರವಾದರೆ ಮಾತ್ರ ಪ್ರಬಂಧ ಒಪ್ಪಿಸಬಹುದು. ಜೂನ್‌ಗೆ ನನ್ನ ಅವಧಿ ಮುಗಿಯುತ್ತದೆ. ಆಮೇಲೆ ನಾನು ಆರು ವರ್ಷ ಸೋಲಾಪುರಕ್ಕೆ ಹೋಗಿ ಬಂದ ಹೆಂಗಸು, ಅಷ್ಟೇ.

೨೫ ನವೆಂಬರ್, ಮಂಗಳವಾರ

ಇವತ್ತು ವಿಚಾರ ಸಂಕಿರಣದಲ್ಲಿ ಪೋಸ್ಟರ್ ಹಾಕಿದ್ದೆ. ಜನ ಮುತ್ತಿದರು. ಸರ್ ಪಕ್ಕದಲ್ಲೇ ನಿಂತು ಎಲ್ಲರಿಗೂ “ಐನೂರು, ಓನ್ಲಿ ಐನೂರು” ಎನ್ನುತ್ತಿದ್ದರು. ಆಳಂದದ ಕಡೆಯ ಒಬ್ಬ ವಿದ್ಯಾರ್ಥಿ, ಸೋಮೇಶ ಅಂತ, ಪೋಸ್ಟರಿನ ಫೋಟೊ ತೆಗೆದುಕೊಂಡ. “ಮೇಡಮ್, ನಮ್ಮ ಕಾಲೇಜಿನ ಭಟ್ಟಿ ಐನೂರರ ಮ್ಯಾಲ ಹೋಗೂದಿಲ್ರಿ. ನಿಮ್ಮದ ನೋಡಿ ಧೈರ್ಯ ಬಂತು” ಎಂದ. ನನ್ನ ಫೋನ್ ನಂಬರ್ ಬರೆದುಕೊಂಡ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಲ್ಯಾಬಿಗೆ ಹೋಗಿ ಇನ್ನೊಂದು ಸುಟ್ಟೆ. ಸತ್ತದ್ದು.

೧೯ ಡಿಸೆಂಬರ್, ಶುಕ್ರವಾರ

ಪೇಪರಿನ ಬಗ್ಗೆ ಉತ್ತರ ಬಂತು. ಇಬ್ಬರು ಪರೀಕ್ಷಕರಿಗೂ ಇಷ್ಟವಾಗಿದೆ. ಒಂದೇ ಒಂದು ಮಾತು: ಇದೇ ರೀತಿಯಲ್ಲಿ ಮಾಡಿದ ಇನ್ನೂ ಮೂರು ಫಿಲ್ಮುಗಳ ಫಲಿತಾಂಶ ತೋರಿಸಿ. ಗಡುವು ಫೆಬ್ರುವರಿ ಹತ್ತು.

ಮೂರು. ನನ್ನ ಹತ್ತಿರ ಇರುವುದು ಒಂದು. ಅದೂ ಅಳೆದು ಅಳೆದು ಅಂಚು ಸವೆದಿದೆ.

೨೨ ಡಿಸೆಂಬರ್, ಸೋಮವಾರ

ಗುಳ್ಳೆ ಬಂದ ಆ ದಿನ ಬೇರೆ ಏನಿತ್ತು? ಬಸ್ಸಿನಲ್ಲಿ ವಳಸಂಗ ಬರುವವರೆಗೂ ಇದನ್ನೇ ಯೋಚಿಸಿದೆ. ಒಂದೇ ಉತ್ತರ: ಭಂಡಾರ. ಅರಿಶಿನದ ಕಣ ದ್ರಾವಣಕ್ಕೆ ಬಿದ್ದಿರಬೇಕು, ಅದರಲ್ಲಿ ಏನೋ ಇರಬೇಕು.

ರೂಪಾಲಿಯನ್ನು ಕೇಳಿದೆ. ಮರುಮಾತಿಲ್ಲದೆ ಚೀಲವನ್ನೇ ಬಿಚ್ಚಿ ಅರ್ಧ ಸುರಿದು ಕೊಟ್ಟಳು. “ನಮ್ಮ ಆಯಿ ಬೀರವ್ವ ಕಟ್ಟಿಕೊಟ್ಟಿದ್ದರಿ. ಕಾಲಾಗ ಬೀಳಲಾರದಂಗ ನೋಡ್ರಿ” ಅಂದಳು.

ಜಗತ್ತಿನಲ್ಲಿ ಯಾರೂ ಮಾಡಿರದ ಪ್ರಯೋಗ ಮಾಡಿದೆ. ತುಕ್ಕಿನ ದ್ರಾವಣಕ್ಕೆ ಭಂಡಾರ ಕದಡಿ ಬಿಸಿ ಗಾಜಿನ ಮೇಲೆ ಸಿಂಪಡಿಸಿದೆ. ಒಗ್ಗರಣೆ ಸೀದ ವಾಸನೆ ಕಾರಿಡಾರಿನ ತುದಿಗೂ ಹೋಯಿತು. ಸರ್ ಬಾಗಿಲಲ್ಲಿ ಇಣುಕಿ, “ಇವತ್ತ ಝುಣಕಾ ಏನು?” ಎಂದರು. ನನಗೆ ಅಳು ಬಂತು, ಅವರಿಗೆ ಕಾಣಲಿಲ್ಲ.

೨೯ ಡಿಸೆಂಬರ್, ಸೋಮವಾರ

ಒಂದು ಚಿಟಿಕೆ ಹಾಕಿದೆ, ಅರ್ಧ ಚಿಟಿಕೆ ಹಾಕಿದೆ, ಬರೀ ಭಟ್ಟಿಗೆ ಹಚ್ಚಿ ನೋಡಿದೆ. ಏನೂ ಇಲ್ಲ. ಸಿಂಪಡಿಸುವ ನಳಿಕೆ ಕಟ್ಟಿಕೊಂಡು ಹಾಳಾಯಿತು. ಅದನ್ನು ತೊಳೆಯುತ್ತ ಕೂತಾಗ ರೂಪಾಲಿ ಬಂದು “ಏನರ ಬಂತೇನ್ರಿ ಅಕ್ಕಾ?” ಎಂದಳು. ಆ ‘ಏನರ’ ಕೇಳಿ ನನ್ನ ನೆತ್ತಿ ಕಾಯಿತು.

“ಎಲ್ಲಾ ನಿನ್ನಿಂದ ಆದದ್ದು. ಕಂಡಕಂಡಲ್ಲಿ ಹಚ್ಚಿ ಕೂತಿ. ಈಗ ನಾ ಏನ ಬದಲಾಗೇದ ಅಂತ ಎಲ್ಲಿ ಹುಡಕ್ಲಿ? ನಿಮ್ಮ ಕುರಿ ಹಟ್ಟಿ ಅಂತ ತಿಳಿದೇನ ಇದು?”

“ಭಟ್ಟಿಗೆ ನಾ ಹಚ್ಚೀನ್ರಿ. ನಿಮ್ಮ ಗಾಜಿಗೆ ಹಚ್ಚಿಲ್ಲ” ಎಂದು ಹೇಳಿ ತನ್ನ ಸಾಮಾನು ಎತ್ತಿಕೊಂಡು ಕಿಟಕಿಯ ಪಕ್ಕದ ಮೇಜಿಗೆ ಹೋದಳು.

ಕುರಿಯ ಮಾತು ಬೇಡವಾಗಿತ್ತು.

೬ ಜನವರಿ ೨೦೨೬, ಮಂಗಳವಾರ

ರೂಪಾಲಿ ಈಗ ನನ್ನ ಜೊತೆ ಮರಾಠಿಯಲ್ಲೇ ಮಾತಾಡುತ್ತಾಳೆ. “ಹೋ ಮ್ಯಾಡಮ್.” “ನಾಹೀ ಮ್ಯಾಡಮ್.” ಲ್ಯಾಬಿನಲ್ಲಿ ಮಿಕ್ಕವರೆಲ್ಲ ಮರಾಠಿ. ಸರ್ ಕನ್ನಡದವರೇ ಆದರೂ ದಿನಕ್ಕೆ ಎರಡು ಮಾತು. ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಇವಳಿಂದ ಎಂದು ಈಗ ಗೊತ್ತಾಗುತ್ತಿದೆ. ಗಂಟೆಗಟ್ಟಲೆ ಭಟ್ಟಿಯ ಸದ್ದು ಬಿಟ್ಟರೆ ಬೇರೆ ಏನಿಲ್ಲ.

ಕೆಲಸ ಶಾಂತವಾಗಿ ಆಗುತ್ತದೆ, ಒಳ್ಳೆಯದೇ.

೧೨ ಜನವರಿ, ಸೋಮವಾರ

ಸತ್ತದ್ದು.

೧೯ ಜನವರಿ, ಸೋಮವಾರ

ಆ ಒಂದು ಒಳ್ಳೆಯ ಫಿಲ್ಮನ್ನು ನಿನ್ನೆ ಮನೆಗೆ ತಂದಿದ್ದೆ. ಅತ್ತೆ ತಿಂಗಳುಗಳಿಂದ “ಒಮ್ಮೆ ತೋರ್ಸವಾ ನನಗ” ಎನ್ನುತ್ತಿದ್ದರು. ನೋಡಿ, “ಇಷ್ಟ ಏನ?” ಎಂದು ವಾಪಸ್ ಕೊಟ್ಟರು. ಅವರದೂ ತಪ್ಪಲ್ಲ. ಬೆರಳಷ್ಟು ಗಾಜು, ಮೇಲೆ ಕಾವಿ ಬಣ್ಣ.

ಇವತ್ತು ಬೆಳಗ್ಗೆ ಅದನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ಮೂಲೆಗೆ ಬೆರಳು ಒತ್ತಿದೆ. ಅಂಗಡಿಯ ಚಾಳಿ. ನಮ್ಮಲ್ಲಿ ತಾಟು ಕೊಳ್ಳುವವರು ಹೀಗೇ ಕಲ್ಲಿನ ಮೇಲಿಟ್ಟು ಒತ್ತಿ ನೋಡುತ್ತಾರೆ, ಕುಂಟಿದರೆ ಬೇರೆ ತಾಟು ಕೇಳುತ್ತಾರೆ. ಗಾಜು ಕುಂಟಿತು. ಕಟಕಟ ಎಂದಿತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಡಬ್ಬಿ ಮಡಿಲಲ್ಲೇ ಇತ್ತು. ಲ್ಯಾಬಿಗೆ ಹೋದವಳೇ ಸತ್ತ ಫಿಲ್ಮುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದನ್ನೇ ಒತ್ತಿದೆ. ಒಂದೂ ಕುಂಟಲಿಲ್ಲ. ಇದೊಂದೇ ಬಾಗಿದೆ. ಅದಕ್ಕೇ ಅವತ್ತು ನೀರು ಸೋರಿದ್ದು. ಐನೂರು ಡಿಗ್ರಿಗೆ ಈ ಗಾಜು ಬಾಗುವುದಿಲ್ಲ.

ಹಾಗಾದರೆ ಅವತ್ತು ಭಟ್ಟಿಯಲ್ಲಿ ಎಷ್ಟಿತ್ತು?

೨೦ ಜನವರಿ, ಮಂಗಳವಾರ

ಕಿಟಕಿಯ ಪಕ್ಕದ ಮೇಜಿಗೆ ನಾನೇ ಹೋದೆ. ಖಂಡೇನವಮಿಯ ಫೋಟೊ ಏನಾದರೂ ಇದೆಯೇ ಎಂದು ಕೇಳಿದೆ. ಕುರಿಯ ಮಾತು ಆಡಬಾರದಿತ್ತು ಎಂದೂ ಹೇಳಿದೆ. ಅವಳು ಫೋನ್ ತೆಗೆದು ಬೆರಳಾಡಿಸಿ ನನ್ನ ಮುಂದೆ ಹಿಡಿದಳು.

ಫೋಟೊದಲ್ಲಿ ಸರ್ ಇದ್ದಾರೆ. ಗಾಂಧಿ ಟೋಪಿ, ಹಣೆಗೆ ಭಂಡಾರ. ಭಟ್ಟಿಗೆ ಹಾರ ಹಾಕುತ್ತಿದ್ದಾರೆ. ಭಟ್ಟಿಗೆ ಗೂಟ ಎಲ್ಲಿದೆ? ಹಿಂದೆ ಚಾಚಿಕೊಂಡಿರುವ ಬಿಸಿ ಅಳೆಯುವ ತಂತಿಗೇ ಹಾರ ಸಿಕ್ಕಿಸಿದ್ದಾರೆ. ಚೆಂಡು ಹೂವಿನ ಹಸಿ ಹಾರ, ಮೊಳದುದ್ದದ್ದು. ಆ ಭಾರಕ್ಕೆ ತಂತಿ ಹೊರಗೆ ಜಾರಿ ಜೋತಿದೆ.

“ಅಕ್ಕಾ, ತಂತಿ ಹೊರಗ ಬಂದದಲ್ರಿ” ಎಂದಳು ರೂಪಾಲಿ. ಕನ್ನಡದಲ್ಲಿ.

ತಂತಿಯ ತುದಿ ಭಟ್ಟಿಯ ನಡುವೆ ಇರಬೇಕು. ಗೋಡೆಯೊಳಗೆ ಸರಿದರೆ ಅದಕ್ಕೆ ತಣ್ಣಗೆ ಅನ್ನಿಸುತ್ತದೆ. ಐನೂರು ಆಗಿಲ್ಲ, ಆಗಿಲ್ಲ ಎಂದು ಅದು ಹೇಳುತ್ತಲೇ ಇರುತ್ತದೆ, ಭಟ್ಟಿ ಕಾಯುತ್ತಲೇ ಹೋಗುತ್ತದೆ. ತಂತಿಯನ್ನು ಫೋಟೊದಲ್ಲಿದ್ದಷ್ಟೇ ಹೊರಗೆ ಎಳೆದೆವು. ಪಕ್ಕದ ಲ್ಯಾಬಿನಿಂದ ಇನ್ನೊಂದು ತಂತಿ ತಂದು ನಡುವೆ ಇಟ್ಟೆವು. ಭಟ್ಟಿಯ ಮುಖದ ಮೇಲೆ ಐನೂರು. ನಡುವೆ ಇಟ್ಟ ತಂತಿಯಲ್ಲಿ ಏಳುನೂರಾ ನಲವತ್ತು.

ಇಬ್ಬರೂ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದೆವು. ಅವಳ ಮನೆಯ ಶೇಂಗಾ ಚಟ್ನಿ ಖಾರ, ಚೆನ್ನಾಗಿತ್ತು.

೨೨ ಜನವರಿ, ಗುರುವಾರ

ಗುಳ್ಳೆ ಬಂದವು. ತಂತಿ ಹಾಗೇ ಹೊರಗೆ ಬಿಟ್ಟು ಹೊಸದಾಗಿ ಸುಟ್ಟ ಮೂರೂ ಫಿಲ್ಮಿಗೆ ಬಂದವು. ರೂಪಾಲಿ ಬಗ್ಗಿ ನೋಡಿ ಬಹಳ ಹೊತ್ತು ಏಳಲೇ ಇಲ್ಲ.

ನನಗೆ ಖುಷಿ ಅರ್ಧ ತಾಸೂ ಉಳಿಯಲಿಲ್ಲ. ಏಳುನೂರಾ ನಲವತ್ತಕ್ಕೆ ಸುಟ್ಟರೆ ವಿದ್ಯುತ್ ಹರಿಯಲೆಂದು ಗಾಜಿಗೆ ಮೊದಲೇ ಬಳಿದಿರುವ ತವರದ ಪದರದಿಂದ ತವರ ಮೇಲಿನ ತುಕ್ಕಿನೊಳಗೆ ಸೇರುತ್ತದೆ, ಫಿಲ್ಮಿಗೆ ಜೀವ ಬರುತ್ತದೆ. ಇದು ನನಗೆ ಮೊದಲ ವರ್ಷದಿಂದ ಗೊತ್ತು, ಎಲ್ಲರಿಗೂ ಗೊತ್ತು. ನಾನು ಕಂಡುಹಿಡಿದದ್ದು ಊರಿಗೆಲ್ಲ ಗೊತ್ತಿದ್ದದ್ದನ್ನು.

೨೩ ಜನವರಿ, ಶುಕ್ರವಾರ

ಸರ್‌ಗೆ ಹೇಳಿದೆ. ಫೋಟೊ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಮೂರ ಸ್ಯಾಂಪಲ್ ಬಂದ್ವಲ್ಲ?”

“ಬಂದ್ವರಿ ಸರ್.”

“ಭಟ್ಟಿ ಎಷ್ಟ ತೋರಸ್ತು?”

“ಐನೂರು.”

“ಮತ್ತ? ಮಷೀನ್ ಐನೂರ ತೋರಸ್ತು, ನಾವ ಐನೂರ ಬರದ್ವಿ. ಸುಳ್ಳ ಏನದ ಅದರಾಗ?” ನನ್ನ ಮುಖ ನೋಡಲಿಲ್ಲ. “ನಿನ್ನ ಆರ ವರ್ಷ ನೋಡವಾ. ಜೂನ್ ನೋಡು. ನಾ ನನಗಂತ ಹೇಳಾಕತ್ತಿಲ್ಲ.”

ಅದು ನಿಜ. ಅವರು ತಮಗಾಗಿ ಹೇಳುತ್ತಿರಲಿಲ್ಲ, ಪೂರ್ತಿ ತಮಗಾಗಿ ಅಲ್ಲ. ಅದಕ್ಕೇ ಎದುರಾಡದೆ ಲ್ಯಾಬಿಗೆ ವಾಪಸ್ ಬಂದೆ.

೨೭ ಜನವರಿ, ಮಂಗಳವಾರ

ಸರ್ ಹೇಳಿದ್ದು ಅಕ್ಷರಶಃ ಸರಿ. ಭಟ್ಟಿಯ ಮುಖದ ಮೇಲೆ ಐನೂರೇ ಇತ್ತು. ಗೆರೆಗಳನ್ನು ಜೋಡಿಸಿ ಚಿತ್ರ ತಯಾರು ಮಾಡಿದೆ. ಚೆಂದ ಬಂದಿದೆ.

೩೦ ಜನವರಿ, ಶುಕ್ರವಾರ

ಪರೀಕ್ಷಕರಿಗೆ ಐನೂರು ಎಂದೇ ಉತ್ತರದ ಕರಡು ಬರೆದೆ. ರೂಪಾಲಿಗೆ ನೀನೇನು ಹೇಳುತ್ತಿ ಎಂದು ಕೇಳಿದೆ. “ನೀವ ಹೆಂಗ ಹೇಳ್ತೀರಿ ಹಂಗರಿ ಅಕ್ಕಾ. ನಾ ಯಾರ ಮುಂದೂ ಆಡೂದಿಲ್ಲ” ಅಂದಳು. ಬೈದಿದ್ದರೆ ಬೇಕಾಗಿತ್ತು.

ಎಲ್ಲರ ಮೇಲೂ ಸಿಟ್ಟು ಬರುತ್ತಿದೆ. ಸರ್ ಮೇಲೆ, ಹಾರದ ಮೇಲೆ, ಗೂಟ ಇಲ್ಲದ ಭಟ್ಟಿಯ ಮೇಲೆ. ನಿಲೇಶರ ಮೇಲೂ, ಅವರು ಏನೂ ಮಾಡಿಲ್ಲ.

೩ ಫೆಬ್ರುವರಿ, ಮಂಗಳವಾರ

ಸಂಜೆಯ ಬಸ್ಸು. ವಳಸಂಗದ ಹತ್ತಿರ ಫೋನ್ ಬಂತು, ಗುರುತಿಲ್ಲದ ನಂಬರ್.

“ಮೇಡಮ್, ನಾ ಸೋಮೇಶರಿ. ನಿಮ್ಮ ಪೋಸ್ಟರ್ ಫೋಟೊ ತಗದಿದ್ನೆಲ್ರಿ, ಆಳಂದದಾಂವ.”

ನೆನಪಿದೆ ಅಂದೆ.

“ಎರಡ ತಿಂಗಳಾತ್ರಿ ಮೇಡಮ್. ನಿಮ್ಮದ ನೋಡಿ ಹಂಗ ಮಾಡಾಕತ್ತೀನಿ. ಐನೂರಕ್ಕ ಇಡ್ತೀನ್ರಿ, ಏನೂ ಬರವಲ್ದು. ನಮ್ಮ ಸರ್ ಅಂತಾರ, ಮನೀಷಾ ಮೇಡಮ್‌ಗೆ ಬರ್ತದ, ನಿನಗ ಯಾಕ ಬರೂದಿಲ್ಲ, ನಿನ್ನ ಕೈ ಸ್ವಚ್ಛ ಇಲ್ಲ ಅಂತ. ನನ್ನ ಸಂಗಡ ಒಬ್ಬಾಕಿ ಹುಡುಗಿ ಕೆಲಸ ಮಾಡ್ತಾಳ್ರಿ, ಗಾಜ ತೊಳಿಯಾಕಿ ಆಕಿ. ನಿನ್ನೆ ಆಕಿಗೆ ಭಾಳ ಬೈದುಬಿಟ್ಟೆ. ನಾ ಏನ ತಪ್ಪ ಮಾಡಾಕತ್ತೀನ್ರಿ ಮೇಡಮ್? ಅಷ್ಟ ಹೇಳ್ರಿ.”

ಬಸ್ಸು ನಿಂತಿತ್ತು. ಹಾಲಿನ ಕ್ಯಾನು ಹಿಡಿದವರು ಹತ್ತುತ್ತಿದ್ದರು. ಕಂಡಕ್ಟರ್ “ಮಾಗೆ ಸರಕಾ, ಮಾಗೆ ಸರಕಾ” ಎಂದು ಜನರನ್ನು ಹಿಂದಕ್ಕೆ ಸರಿಸುತ್ತಿದ್ದ. ಸೋಮೇಶ ಕೇಳಿದ ಪ್ರಶ್ನೆಯನ್ನೇ ಅಕ್ಟೋಬರ್‌ನಿಂದ ನಾನು ಗೋಡೆಗೆ ಕೇಳಿದ್ದೇನೆ.

“ನಿಂದೇನೂ ತಪ್ಪಿಲ್ಲಪಾ” ಅಂದೆ. “ಐನೂರಲ್ಲ ಅದು. ನಮ್ಮ ಭಟ್ಟಿ ತಪ್ಪ ತೋರಸ್ತು. ಏಳನೂರಾ ನಲವತ್ತ ಇತ್ತು.”

ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು, ದೊಡ್ಡ ದನಿಯಲ್ಲಿ. ಅರ್ಧ ಬಸ್ಸು ಕೇಳಿಸಿಕೊಂಡಿತು.

“ಹಂಗಾದ್ರ ನಮ್ಮ ಭಟ್ಟ್ಯಾಗ ಆಗೂದ ಇಲ್ಲೇನ್ರಿ?” ಎಂದ.

“ಆಗೂದಿಲ್ಲ. ಆ ಹುಡುಗಿಗೆ ನಾಳಿ ಹೇಳು, ಆಕೀದೂ ತಪ್ಪಿಲ್ಲಂತ.”

೪ ಫೆಬ್ರುವರಿ, ಬುಧವಾರ

ಬೆಳಗ್ಗೆಯೇ ಸರ್ ಕೋಣೆಗೆ ಹೋಗಿ, “ಒಬ್ಬರಿಗೆ ಖರೆ ಹೇಳಿಬಿಟ್ಟೆರಿ ಸರ್. ಪೇಪರ್ ವಾಪಸ್ ತಗೋಬೇಕು” ಎಂದೆ. ಅವರು ಪುಸ್ತಕ ಎತ್ತಿಕೊಂಡು ಎದ್ದು ಹೋದರು. ಎರಡು ಕ್ಲಾಸು ತೆಗೆದುಕೊಂಡರು, ಊಟ ಮಾಡಿದರು, ನನ್ನ ಕಡೆ ನೋಡಲಿಲ್ಲ. ನಾನು ಭಟ್ಟಿಯ ಮುಂದೆ ಕೂತು ತೀರ್ಪಿಗೆ ಕಾದೆ. ರೂಪಾಲಿ ಎರಡು ಸಲ ಚಹಾ ತಂದಳು.

ನಾಲ್ಕು ಗಂಟೆಗೆ ಬಂದರು. ಭಟ್ಟಿಯ ಹಿಂದೆ ಹೋಗಿ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಹಾರ ಹಾಕಿದಾಂವ ನಾನು. ಪತ್ರ ನಾ ಬರೀತೀನಿ” ಎಂದರು. “ಇನ್ನೊಂದ ವರ್ಷ ಕೊಡ್ರಿ ಅಂತ ಯುನಿವರ್ಸಿಟಿಗೆ ಕೇಳ್ತೀನಿ. ಕೊಡ್ತಾರೋ ಇಲ್ಲೋ ಗ್ಯಾರಂಟಿ ಇಲ್ಲ ನೋಡವಾ.”

ಹೂಂ ಅಂದೆ. ಹೋಗುವಾಗ ಬಾಗಿಲಲ್ಲಿ ನಿಂತು, “ಮುಂದಿನ ದಸರಾಕ್ಕ ಅಲ್ಲೊಂದು ಮೊಳಿ ಹೊಡಸ್ರಿ” ಎಂದರು.

ರೂಪಾಲಿ ಎರಡನೆಯ ತಂತಿಯನ್ನು ಭಟ್ಟಿಯ ನಡುವೆ ಕೂರಿಸುತ್ತಿದ್ದಳು. ಇನ್ನು ಮೇಲೆ ಅದು ಅಲ್ಲೇ ಇರುತ್ತದೆ. “ನಾಳಿ ಎಷ್ಟಕ್ಕ ಇಡೂಣ್ರಿ ಅಕ್ಕಾ?” ಎಂದಳು.

“ಐನೂರಕ್ಕ. ಖರೆ ಐನೂರಕ್ಕ. ಗಾಜಿನ ತವರ ಕೆಳಗಿಂದ ಏರೂದಿಲ್ಲ ಅಂದ್ರ ನಾವ ಮ್ಯಾಲಿಂದ ಹಾಕೂಣು, ದ್ರಾವಣದಾಗ. ಆ ಸೋಮೇಶನ ಭಟ್ಟ್ಯಾಗೂ ಆಗಬೇಕದು.”

ಆಗುತ್ತದೋ ಇಲ್ಲವೋ. ಬೇರೆಯವರು ಆಗಲೇ ಮಾಡಿರಲೂಬಹುದು, ಹುಡುಕಿ ನೋಡಬೇಕು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಅವರೆ ಸುಲಿಯುತ್ತ ಕೂತಿದ್ದರು.

“ಗುಳ್ಳಿ ಬಂತೇನವಾ?”

“ಇಲ್ಲರಿ ಅತ್ತಿ. ಎಲ್ಲಾ ಮತ್ತ ಮೊದಲಿಂದ.”

“ಮತ್ತ ನಕ್ಕೋತ ಬಂದೀಯಲ್ಲ.”

ನಗುತ್ತಿದ್ದೆನೇ? ಇವತ್ತು ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತು. ಅದಕ್ಕೇ ಇರಬೇಕು.